ನಡುಹೊಳೆಯಲ್ಲಿ ನಿಂತ ಮೋಟರು

ಹಲಗೂರು
೧೪-೧೧-೨೦೨೪, ಗುರುವಾರ

ಪ್ರೀತಿಯ ಮಗಳು ಶಾಲಿನಿಗೆ,

ಹೇಗಿದ್ದೀಯಮ್ಮ? ಚಂದನಳ ಕೆಮ್ಮು ಇಳಿಯಿತೇ? ನಿನ್ನ ಚಿಕ್ಕಮ್ಮ ದೇವಿರಮ್ಮ ಅವಳಿಗೆ ಮೂರು ಹೊತ್ತೂ ಮೊಸರು ತಿನ್ನಿಸುತ್ತಿದ್ದರೆ ನಾನು ಬೇಡ ಅಂದೆ ಎಂದು ಹೇಳು. ಕೊಪ್ಪದಲ್ಲಿ ಹಾಲು ಮೊಸರಿಗೆ ಕಡಿಮೆಯಿಲ್ಲ, ನಿಜ. ಹಾಗಂತ ಕೆಮ್ಮುವ ಮಗುವಿನ ಬಾಯಿಗೆ ಸುರಿಯುವುದೇ? ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಅಂದರೆ ಊಟ ಸೇರುತ್ತಿದೆ ಅಷ್ಟೆ, ಕೂತಲ್ಲಿ ಕೂರಲಾಗುತ್ತಿಲ್ಲ. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಅಂಗಡಿಯ ಬಾಗಿಲಿಗೆ ಹೋಗಿ ಬಂದೆ. ಫೋನಿನಲ್ಲೇ ಹೇಳಬಹುದಿತ್ತಲ್ಲಪ್ಪ ಅನ್ನುತ್ತೀಯ. ಫೋನು ಮಾಡಿದರೆ ನೀನು ಹೂಂ, ಊಹೂಂ ಅನ್ನುತ್ತೀಯ, ನಾನು ಮಳೆ ಬೆಳೆ ಮಾತಾಡಿ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ.

ವಿಷಯ ದೋಣಿ ಮೋಟರಿನದು. ನಿನ್ನ ಗಂಡ ಜನರನ್ನು ಹೊಳೆ ದಾಟಿಸುವಾಗ ನಡುನೀರಿನಲ್ಲಿ ನಿಂತುಹೋಗಿ, ದೋಣಿ ಬಂಡೆಗೆ ಬಡಿದು ಅದರಲ್ಲಿ ಕೂತಿದ್ದ ಚಿಕ್ಕಬೋರಮ್ಮನ ಮುಂಗೈ ಮುರಿಯಿತಲ್ಲ, ಅದೇ ಮೋಟರು. ಅವತ್ತು ದಡಕ್ಕೆ ಎಳೆದು ತಂದ ಮೇಲೆ ಹಗ್ಗದ ಒಂದೇ ಎಳೆತಕ್ಕೆ ಶುರುವಾಯಿತು. ಮೋಟರು ಸರಿಯಾಗೇ ಇದೆ, ಶಶಿಧರನೇ ಕುಡಿದು ಏನೋ ಎಡವಟ್ಟು ಮಾಡಿದ್ದಾನೆ ಅಂದರು ಎಲ್ಲರೂ. ಅವರೇನು, ಮೊದಲು ಅಂದವನೇ ನಾನು. ನಲವತ್ತು ವರ್ಷ ಪಂಪ್‌ಸೆಟ್ಟು ರಿಪೇರಿ ಮಾಡಿದವನ ಮಾತಿಗೆ ಯಾರು ಎದುರಾಡುತ್ತಾರೆ? "ಕುಡುಕನ್ ಜೊತೆ ಬಾಳೋದ್ ಬ್ಯಾಡ, ನಡಿಯವ್ವ" ಅಂತ ನಿನ್ನನ್ನೂ ಮಗುವನ್ನೂ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಕೊಪ್ಪದಲ್ಲಿ ಬಿಟ್ಟು ಬಂದವನೂ ನಾನೇ. ನಾಡಿದ್ದು ಶನಿವಾರ ದೋಣಿ ಸಂಘದವರು ಸೇರುತ್ತಾರೆ, ದೋಣಿಯನ್ನು ಅವನ ಕೈಯಿಂದ ಬಿಡಿಸಿ ಬೇರೆಯವರಿಗೆ ಕೊಡುವುದಕ್ಕೆ. ದೋಣಿ ಹೋದರೆ ಅವನು ಹೊಳೆದಂಡೆಯಲ್ಲಿ ತಲೆಯೆತ್ತಿ ತಿರುಗಲಾರ. ನೀನೂ ವಾಪಸು ಬರಲಾರೆ, ನಿನ್ನ ಹಟ ನನಗೆ ಗೊತ್ತಿಲ್ಲವೇ, ನನ್ನದೇ ತಾನೆ.

ಹೊಸಬನಿಗೆ ಒಪ್ಪಿಸುವ ಮುಂಚೆ ಒಂದು ಸಲ ನೋಡಿಬಿಡಿ ಅಂತ ಸಂಘದವರು ಸೋಮವಾರ ಆ ಮೋಟರನ್ನು ನನ್ನ ಅಂಗಡಿಗೇ ತಂದು ಇಳಿಸಿದರು. ದೊಡ್ಡ ಡ್ರಮ್ಮಿಗೆ ನೀರು ತುಂಬಿ, ಹಲಗೆಗೆ ಮೋಟರು ಬಿಗಿದು, ನೀರು ತಳ್ಳುವ ಅದರ ಚಕ್ರ ಮುಳುಗುವ ಹಾಗೆ ನಿಲ್ಲಿಸಿ ಹಗ್ಗ ಎಳೆದೆ. ರೊಯ್ಯನೆ ಓಡಿತು. ಪೆಟ್ರೋಲಿನ ಪೈಪು ನೋಡಿದೆ, ಪ್ಲಗ್ಗು ತಿಕ್ಕಿದೆ, ಕಾರ್ಬೊರೇಟರು ಬಿಚ್ಚಿ ಊದಿದೆ. ಎಲ್ಲಾ ಸರಿ. ಮಂಗಳವಾರವೂ ಅದೇ ಕಥೆ. ನಿನ್ನೆ ಅದನ್ನು ಜೋರಾಗಿ ಓಡಲು ಬಿಟ್ಟು, ಸಿಟ್ಟು ತಡೆಯಲಾರದೆ, ಹಾಳಾದ್ದು ಏನಾದರೂ ಬಾಯಿ ಬಿಡಲಿ ಅಂತ ಮುಚ್ಚಳದ ಮೇಲೊಂದು ಗುದ್ದಿದೆ. ಟಕ್ಕನೆ ನಿಂತಿತು! ಹಗ್ಗ ಎಳೆದು ಓಡಿಸಿ ಎರಡನೇ ಸಲ ಗುದ್ದಿದೆ, ಮತ್ತೆ ನಿಂತಿತು. ಮುಚ್ಚಳ ಬಿಚ್ಚಿ ಒಂದೊಂದೇ ವೈರಿನ ಜಾಡು ಹಿಡಿದೆ.

ಅದಕ್ಕೊಂದು ನಿಲ್ಲಿಸುವ ಗುಂಡಿ ಇದೆಯಮ್ಮ. ಗುಂಡಿ ಒತ್ತಿದರೆ ಪ್ಲಗ್ಗಿನಲ್ಲಿ ಕಿಡಿ ಹಾರಿಸಬೇಕಾದ ಕರೆಂಟು ಒಂದು ವೈರಿನಲ್ಲಿ ಹರಿದು ಎಂಜಿನ್ನಿನ ಮೈಗೆ ಇಳಿದುಹೋಗುತ್ತದೆ, ಎಂಜಿನ್ನು ಆರುತ್ತದೆ. ಹಿಂಬದಿಯಲ್ಲಿ, ಬೆರಳು ಕೂಡ ಕಷ್ಟದಲ್ಲಿ ಹೋಗುವ ಸಂದಿಯಲ್ಲಿ, ಆ ವೈರು ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಮೇಲಿನ ಪ್ಲಾಸ್ಟಿಕ್ಕು ಸವೆದು ತಾಮ್ರ ಕಾಣುತ್ತಿತ್ತು. ದಡದಲ್ಲಿ ಮೆಲ್ಲಗೆ ಓಡುವಾಗ ಏನೂ ಇಲ್ಲ. ನಡುಹೊಳೆಯ ಸೆಳೆತಕ್ಕೆ ಜೋರು ಕೊಟ್ಟಾಗ ಮೋಟರು ಗಡಗಡ ಅಲುಗಿ, ತಾಮ್ರ ಮೈಗೆ ತಾಗಿ, ಯಾರೂ ಗುಂಡಿ ಒತ್ತದೆ ತಾನೇ ಆರಿಬಿಡುತ್ತದೆ. ಶಶಿ ಕುಡಿದಿರಲಿಲ್ಲ. ಕುಡಿದವನಿಗೆ ಅಷ್ಟು ಸೆಳೆತದಲ್ಲಿ ಏಳು ಜನರನ್ನು ಬಂಡೆಗೆ ಹತ್ತಿಸಲು ಆಗುತ್ತಿತ್ತೇ? ಇಷ್ಟು ಯೋಚನೆ ನನಗೆ ಅವತ್ತೇ ಬರಬೇಕಿತ್ತು. ಮಿಕ್ಕ ವೈರುಗಳೂ ಮುದಿಯಾಗಿದ್ದವು, ಬಗ್ಗಿಸಿದರೆ ಹಪ್ಪಳದ ಹಾಗೆ ಪುಡಿಪುಡಿ. ಮದ್ದೂರಿಗೆ ಹೋಗಿ ಸಣ್ಣ ಎಳೆಗಳ ಮೆತ್ತನೆಯ ವೈರು ತಂದು ಎಲ್ಲವನ್ನೂ ಬದಲಾಯಿಸಿದೆ. ಪ್ರತಿ ಜೋಡಣೆಗೂ ಬೆಸುಗೆ ಹಾಕಿ, ಮೇಲೆ ರಬ್ಬರು ಕೊಳವೆ ತೊಡಿಸಿ, ಕಬ್ಬಿಣಕ್ಕೆ ತಾಗದ ಹಾಗೆ ಕಟ್ಟಿದ್ದೇನೆ. ಆಮೇಲೆ ಕೈ ನೋಯುವ ತನಕ ಗುದ್ದಿದೆ, ನಿಲ್ಲಲಿಲ್ಲ.

ದೇವಿರಮ್ಮನಿಗೆ ನಾನು ಕೇಳಿದೆ ಅಂತ ಹೇಳು, ಮೊಸರಿನ ಮಾತಿಗೆ ಮುನಿಸಿಕೊಂಡಾಳು. ಚಂದನಳ ಕೆನ್ನೆಗೊಂದು ಮುತ್ತು. ಮಾದಪ್ಪ ನಿನ್ನ ಹೊಟ್ಟೆ ತಣ್ಣಗಿಟ್ಟಿರಲಿ ತಾಯಿ.

ನಿನ್ನ ಅಪ್ಪ,
ಮರಿಸಿದ್ದಯ್ಯ

ಮರೆತಿದ್ದೆ. ಮರೆತಿದ್ದೆ ಅನ್ನುವುದು ಸುಳ್ಳು. ಆ ಸವೆದ ವೈರು ನಾನೇ ಹಾಕಿದ್ದು. ಹೋದ ವರ್ಷ ಶಶಿ ಮೋಟರನ್ನು ರಿಪೇರಿಗೆ ತಂದಾಗ, ಮನೆ ವೈರಿಂಗಿನಲ್ಲಿ ಉಳಿದಿದ್ದ ಒಂಟಿ ತಂತಿಯ ಗಟ್ಟಿ ತುಂಡು ಹಾಕಿ, ಪಂಪ್‌ಸೆಟ್ಟಿಗೆ ನಡೆಯುತ್ತೆ ಇದಕ್ಕೇನು ಧಾಡಿ ಅಂತ ಮುಚ್ಚಿಬಿಟ್ಟಿದ್ದೆ. ಪಂಪ್‌ಸೆಟ್ಟು ಕೂತಲ್ಲೇ ಕೂತಿರುತ್ತದೆ, ಇದು ದಿನವಿಡೀ ಅದುರುತ್ತದೆ ಅನ್ನುವಷ್ಟು ಬುದ್ಧಿ ಓಡಲಿಲ್ಲ. ಅವತ್ತು ದಡದಲ್ಲಿ ಅವನು "ವೈರ್ ಒಂದ್ಸಲಿ ನೋಡು ಮಾವ" ಅಂದ. "ನಂಗೇ ವೈರ್ ಕಲಿಸ್ತೀಯೇನ್ಲಾ" ಅಂತ ಅಷ್ಟು ಜನರೆದುರು ಕೆನ್ನೆಗೆ ಹೊಡೆದೆ. ನನ್ನ ಅಕ್ಕನ ಮಗ, ನಾನೇ ಎತ್ತಿ ಆಡಿಸಿದವನು, ತಲೆ ತಗ್ಗಿಸಿ ದೋಣಿ ಕಟ್ಟಲು ಹೋದ. ಶನಿವಾರ ಸಂಘದವರ ಮುಂದೆ ನಾನೇ ನಿಂತು ಇದನ್ನೆಲ್ಲ ಹೇಳುತ್ತೇನೆ, ಆಮೇಲೆ ನನ್ನ ಅಂಗಡಿ ಮೆಟ್ಟಿಲು ಯಾರೂ ಹತ್ತದಿದ್ದರೂ ಸರಿ. ಆದರೆ ಅವನ ಮುಖ ನೋಡಿಕೊಂಡು ಹೇಳಲು ಬೆಳಿಗ್ಗೆಯಿಂದ ನಾಲ್ಕು ಸಲ ಬಾಯಿ ತೆರೆದೆ, ಆಗಲಿಲ್ಲ ಕಣಮ್ಮ. ಮಗುವಿನ ಸ್ವೆಟರು ಕೊಟ್ಟು ಬಾ ಅಂತ ನೆಪ ಹೇಳಿ ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಇದರಲ್ಲೇನಿದೆ ಅಂತ ಅವನಿಗೆ ಗೊತ್ತಿಲ್ಲ. ಈಗ ಹೊಸಿಲಾಚೆ ನಿಂತಿರುತ್ತಾನೆ, ಕರೆಯದೆ ಒಳಗೆ ಬರುವವನಲ್ಲ. ಕರಿ. ಕೂರಿಸಿ, ಈ ಕೊನೆಯ ಸಾಲುಗಳನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳು.