ಕೆಂಪಾಗದ ಆರತಿ

ಮೇ 24, ಶನಿವಾರ, ಬೆಳಿಗ್ಗೆ 6.10

ಸೊಪ್ಪು ಕೊಯ್ದು ತಂದು ಹುಳದ ಮನೆ ಬಾಗಿಲಲ್ಲಿ ಇಳಿಸಿದೆ. ಅಲ್ಲಿಗೆ ನನ್ನ ಗಡಿ ಮುಗಿಯಿತು. ಹೊಸ್ತಿಲಾಚೆ ಅಜ್ಜಿಯ ರಾಜ್ಯ. ಇವತ್ತು ಎರಡು ಸಲ ಪೊರೆ ಕಳಚಿದ ಹೊಸ ರೇಷ್ಮೆ ಮರಿಹುಳು ಬಂದಿವೆ. ನೋಡಲೂ ಬಿಡಲಿಲ್ಲ.

ಹೋದ ಬೆಳೆ ಪೂರ್ತಿ ಹಾಲುತೊಂಡೆ ರೋಗಕ್ಕೆ ಹೋಯಿತು. ಒಂದು ಗೂಡೂ ಕಟ್ಟಲಿಲ್ಲ. ಮುಟ್ಟಾದ ದಿನ ಹೇಳದೆ ಒಳಗೆ ಕಾಲಿಟ್ಟಿದ್ದೆ. ಅದಕ್ಕೇ ಹುಳು ಸತ್ತವು ಅಂತ ಅಜ್ಜಿಯ ತೀರ್ಪು. ಅದೇ ತಿಂಗಳು ಪಿಯುಸಿ ಕೆಮಿಸ್ಟ್ರಿ ಫೇಲ್. ಕೇಳಬೇಕೇ? ಮನೆಗೆ ಶನಿ ನಾನೇ.

ಜೂನ್‌ನಲ್ಲಿ ಮತ್ತೆ ಎಕ್ಸಾಂ. ಬಯಾಲಜಿಯಲ್ಲಿ 88 ಇದೆ! ಕಾಲೇಜಿನ ನಂದೀಶ್ ಸರ್ ಹೇಳಿದ್ದು: "ಬಯಾಲಜಿ ಬೇಕು, ಕೆಮಿಸ್ಟ್ರಿ ಬೇಡ ಅಂದ್ರೆ, ರಾಗಿ ಬೇಕು, ಹೊಲ ಬೇಡ ಅಂದಂಗೆ ಕಣಮ್ಮ."

ಮೇ 26, ಸೋಮವಾರ, ಮಧ್ಯಾಹ್ನ

ಎಡವಟ್ಟು. ಮಮತತ್ತೆ, ಅಪ್ಪನ ತಂಗಿ, ಆಸ್ಪತ್ರೆಯಿಂದ ಮಗು ಎತ್ತಿಕೊಂಡು ಬಂದಳು. ಆರತಿ ಕಲೆಸು ಅಂದರು. ಅಜ್ಜಿಯ ಎಲೆಯಡಿಕೆ ಡಬ್ಬಿಯಲ್ಲಿ ಸುಣ್ಣ ಖಾಲಿ. ಹುಳದ ಹಾಸಿಗೆ ಮೇಲೆ ಉದುರಿಸುವ ಸುಣ್ಣದ ಚೀಲ ಜಗಲಿಯಲ್ಲೇ ಇತ್ತಲ್ಲ - ಒಂದು ಚಮಚ ತೆಗೆದು ಅರಿಶಿನದ ನೀರಿಗೆ ಹಾಕಿದೆ. ಹಳದಿ. ಇನ್ನೆರಡು ಚಮಚ. ಮಂಕು ಹಳದಿ. ಕೆಂಪಾಗಲೇ ಇಲ್ಲ.

"ಇವಳ ಕೈಗುಣ ನೋಡ್ರೋ! ಆರತೀನೂ ಕೆಂಪಗಾಗ್ಲಿಲ್ಲ!" ಅಂತ ಅಜ್ಜಿ ಬೀದಿಗೆ ಕೇಳುವಂತೆ ಕೂಗಿದಳು. ಕೊನೆಗೆ ಕುಂಕುಮ ಕದಡಿ ಆರತಿ ಎತ್ತಿದರು. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಅದೇ ದಿನ, ಸಂಜೆ 5.30

ಅರಿಶಿನ ಅಂದರೆ ಇಂಡಿಕೇಟರ್!! ಪುಸ್ತಕದಲ್ಲಿ ಮೂರು ಸಲ ಗೆರೆ ಎಳೆದಿದ್ದೇನೆ, ತಲೆಗೆ ಇಳಿದಿರಲಿಲ್ಲ. ಬೇಸ್, ಅಂದರೆ ಕ್ಷಾರ, ಸಿಕ್ಕರೆ ಅರಿಶಿನ ಕೆಂಪಾಗುತ್ತದೆ. ಆಗಲಿಲ್ಲ ಅಂದರೆ... ಕೈಗುಣವಲ್ಲ. ಆ ಪುಡಿಯಲ್ಲಿ ಬೇಸ್ ಸತ್ತಿದೆ!

ಪಿಳ್ಳಣ್ಣನ ಅಂಗಡಿಗೆ ಓಡಿದೆ. ಎಲೆಗೆ ಹಚ್ಚುವ ಸುಣ್ಣ ತಂದೆ. ಒಂದು ಚೂರಿಗೇ ರಕ್ತಗೆಂಪು. ಚೀಲದ ಪುಡಿಗೆ ನಿಂಬೆರಸ ಹಿಂಡಿದೆ - ಬುಸ್ಸೆಂದು ನೊರೆ! ಕಾರ್ಬೊನೇಟ್! ಗಾಳಿಯ ಕಾರ್ಬನ್ ಡೈಆಕ್ಸೈಡ್ ಕುಡಿದು ಕುಡಿದು ಸುಣ್ಣ ಸೀಮೆಸುಣ್ಣವಾಗಿದೆ. ಹೋದ ವರ್ಷದ ಯುಗಾದಿಯಿಂದ ಬಾಯಿ ತೆರೆದುಕೊಂಡು ಕೂತ ಚೀಲ. ಕಟ್ಟು ಅಂದರೆ ಅಜ್ಜಿ, "ಸುಣ್ಣ ಹಳಸ್ತದಾ?" ಅನ್ನುತ್ತಿದ್ದಳು.

ಹಳಸಿದೆ ಅಜ್ಜಿ!

ಮೇ 27, ಮಂಗಳವಾರ, ಸಂಜೆ

ಸರ್‌ಗೆ ಫೋನ್ ಮಾಡಿದೆ. ಹಾಲುತೊಂಡೆ ತರುವ ವೈರಸ್ಸು ಪ್ರೋಟೀನಿನ ಪೆಟ್ಟಿಗೆಯೊಳಗೆ ಅಡಗಿ ಕೂತಿರುತ್ತದಂತೆ. ಪ್ರಬಲ ಬೇಸ್ ಆ ಪೆಟ್ಟಿಗೆಯನ್ನು ಕರಗಿಸುತ್ತದೆ. ಹುಳದ ಹೊಟ್ಟೆಯೂ ಬೇಸ್! ಸೊಪ್ಪಿನ ಜೊತೆ ನುಂಗಿದರೆ ಪೆಟ್ಟಿಗೆ ಅಲ್ಲಿ ಕರಗಿ ಕಳ್ಳ ಒಳಗೇ ಬಿಡುಗಡೆ. ಹಾಸಿಗೆ ಮೇಲೆಯೇ ಸುಣ್ಣ ಅದನ್ನು ಕರಗಿಸಿದರೆ ಕಳ್ಳ ಹೊರಗೇ ಸಾಯುತ್ತಾನೆ. ಕೆಮಿಸ್ಟ್ರಿ ಇಷ್ಟು ಮಜವಾಗಿದೆ ಅಂತ ಯಾರೂ ಯಾಕೆ ಹೇಳಲಿಲ್ಲ? ಕೂತಲ್ಲಿ ಕೂರಲಾಗುತ್ತಿಲ್ಲ.

ಅಜ್ಜಿಯ ಮುಂದೆ ಎರಡು ಲೋಟ ಇಟ್ಟೆ. ಒಂದು ಕೆಂಪು, ಒಂದು ಹಳದಿ.

"ನಾಳೆ ಮೂರನೇ ಜ್ವರ. ಹುಳ ಮೇವು ಬಿಟ್ಟು ಪೊರೆ ಕಳಚ್ತವೆ. ಆಗ ಯಾವ ಸುಣ್ಣ ಉದುರಿಸ್ತೀಯ ಅಜ್ಜಿ?"

ಅಜ್ಜಿ ಹಳದಿ ಲೋಟದಲ್ಲಿ ಬೆರಳದ್ದಿದಳು. ಮೂಸಿದಳು.

"ಹೋದ್ ಬೆಳೆಗೂ ಇದೇ ಚೀಲದ್ದೇ ಹಾಕಿದ್ದು."

"ಇದೊಂದೇ ಕಾರಣ ಅಂತಲ್ಲ ಅಜ್ಜಿ..."

"ಅಂಗಾರೆ ನಾನೇ ಕೊಂದೆ ಅನ್ನು."

ಊಟಕ್ಕೆ ಬರಲಿಲ್ಲ. ಗೆದ್ದ ದಿನ ಕುಣಿಯಬೇಕು ಅಂದುಕೊಂಡಿದ್ದೆ. ಆ ಮುಖ ನೋಡಿ ಕುಣಿಯಲಾಗಲಿಲ್ಲ.

ಮೇ 28, ಬುಧವಾರ, ಬೆಳಿಗ್ಗೆ 5.50

ಅಪ್ಪ ಹೊಸ ಸುಣ್ಣ ತಂದಿದ್ದಾನೆ. ಹುಳು ತಲೆಯೆತ್ತಿ ಜ್ವರಕ್ಕೆ ಕೂತಿವೆಯಂತೆ. ನನಗೆ ಇವತ್ತೇ ಮುಟ್ಟಾಗಬೇಕೇ! ಅಜ್ಜಿ ಒಳಗಿನಿಂದ, "ಸಿಂಧು, ಬಾರೇ, ಈ ಸುಣ್ಣ ಬದುಕಿದೆಯಾ ನೋಡು" ಅಂದಳು. ನನ್ನನ್ನು ಕರೆದಳು! ಮುಚ್ಚಿಡಬಹುದಿತ್ತು. ಈ ಸಲ ಮುಚ್ಚಿಡಲಿಲ್ಲ. ಹೊಸ್ತಿಲ ಹೊರಗೇ ನಿಂತು ಹೇಳಿಬಿಟ್ಟೆ. ಜಗಲಿಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಅಜ್ಜಿ ಬಾಗಿಲಿಗೆ ಬಂದಳು. ಒಂದು ಕೈಯಲ್ಲಿ ಅರಿಶಿನದ ಡಬ್ಬಿ, ಇನ್ನೊಂದರಲ್ಲಿ ಲೋಟ.

"ಏನ್ ಬರ್ಕೊಂಡ್ ಕೂತಿದ್ದೀಯೇ? ನೀನು ಮುಟ್ಟಾಗಿರೋದು ಈ ಅರಿಶಿನಕ್ಕೆ ಗೊತ್ತಾಯ್ತದಾ?"

"ಇಲ್ಲ ಅಜ್ಜಿ."

"ಅಂಗಾರೆ ಕೈಕಾಲ್ ತೊಳ್ಕೊಂಡ್ ಒಳಕ್ ಬಾ. ಜ್ವರ ನಮಗೋಸ್ಕರ ಕಾಯಲ್ಲ."

ಪೆನ್ನು ಇಲ್ಲೇ ಇಟ್ಟು ಒಳಗೆ