ಬೀದಿ ಇದೆಯಲ್ಲ

ನವೆಂಬರ್ ೧೪, ಗುರುವಾರ

ನಮ್ಮ ಬೀದಿಯ ಸೈಕಲ್ ರಿಪೇರಿಯವನ ಸಾವಿಗೆ ಹೋಗಿ ಬಂದೆ. ಅಳು ಬರಲಿಲ್ಲ. ಕೈಕಾಲು ತೊಳೆದು ಇದನ್ನು ಬರೆಯುತ್ತಿದ್ದೇನೆ.

ವಿಮಾ ಏಜೆಂಟ್ ಆಗಿ ಸೇರಿದಾಗ ತರಬೇತಿಯಲ್ಲಿ ಮ್ಯಾನೇಜರ್ ಹೇಳಿದ್ದರು: "ಶ್ರೀಮಂತ ದೇಶಗಳಲ್ಲಿ ಕಷ್ಟ ಅಂದ್ರೆ ಯಾರೂ ಬರಲ್ಲ, ಅದಕ್ಕೇ ವಿಮೆ ಓಡುತ್ತೆ. ಬಡವರಿಗೆ ನೆರೆಹೊರೆ ಇದೆ. ಅಲ್ಲಿ ಮಾರೋದು ಕಷ್ಟ."

ಆದರೂ ಮಾರಿದೆ. ಸೈಕಲ್ ರಿಪೇರಿಯವನೊಬ್ಬನನ್ನು ಬಿಟ್ಟು ಇಡೀ ಬೀದಿಗೆ ವಿಮೆ ಮಾಡಿಸಿದೆ. ಮೊದಲೆಲ್ಲ ಯಾರೇ ಸತ್ತರೂ ಹೆಣ ಎತ್ತುವ ಮುಂಚೆಯೇ ಒಬ್ಬರು ಆ ಮನೆಯವರಿಗೆ ದುಡ್ಡು ಕೂಡಿಸಲು ಡಬ್ಬಿ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಇವತ್ತು ಯಾರೂ ಏಳಲಿಲ್ಲ. "ಅಯ್ಯೋ, ಪಾಲಿಸಿ ಮಾಡಿಸಿರ್ಲಿಲ್ವಾ?" ಎಂದು ದರ್ಜಿ ನನ್ನನ್ನೇ ಕೇಳಿದ. ನಾನೂ ಏಳಲಿಲ್ಲ.

ಹೊರಡುವಾಗ ಸತ್ತವನ ಹೆಂಡತಿ ಅಂದಳು: "ನೀವು ನಮ್ಮನೆಗೂ ಬಂದಿದ್ರಲ್ಲಣ್ಣ. ಇವರೇ ಬೇಡ ಅಂದ್ರು. ಬೀದಿ ಇದೆಯಲ್ಲ ಅಂತ."

ನಾಳೆಯಿಂದ ಪಕ್ಕದ ಬೀದಿ. ಅಲ್ಲಿ ಇನ್ನೂ ಡಬ್ಬಿ ಹಿಡಿದು ಹೋಗುತ್ತಾರಂತೆ.