ಖಾಲಿ ಕುರ್ಚಿಯ ಮುಂದೆ ಮೂಡಿದ ಅಕ್ಷರ

ಮಂಗಳವಾರ, ಜೂನ್ ೧೪

ಸಂಜೆಯಿಡೀ ಕಾರ್ಮಿಕ ಸಂಘದ ಕಚೇರಿಯ ಕಂಪ್ಯೂಟರು ಮನೆಯ ಲ್ಯಾಪ್‌ಟಾಪಿನಿಂದ ಎಷ್ಟು ಯತ್ನಿಸಿದರೂ ಸಿಗಲೇ ಇಲ್ಲ. ನಾಳೆ ಗಿರಣಿ ಬಾಗಿಲಲ್ಲಿ ಹಂಚಬೇಕಾದ ಕರಪತ್ರ ಅದರಲ್ಲಿತ್ತು; ನಾನಿಲ್ಲಿ ಕಾಲು ಉಳುಕಿಸಿಕೊಂಡು ಬಿದ್ದಿದ್ದೆ. ಮುದ್ರಣಾಲಯ ಮುಚ್ಚುವ ಹೊತ್ತು. ಪಾಸ್‌ವರ್ಡ್ ಸರಿಯಿತ್ತು, ಮನೆಯ ಬ್ರಾಡ್‌ಬ್ಯಾಂಡೂ ಸರಿಯಿತ್ತು, ಆದರೂ ಸಂಪರ್ಕವಿಲ್ಲ.

"ಲೋಕ ಆಮೇಲೆ ಬದಲಾಯಿಸುವಿಯಂತೆ, ಮೊದಲು ಅಲ್ಲಿಗೊಂದು ಫೋನ್ ಮಾಡೋ," ಅಂದಳು ಅಕ್ಕ.

ಕಾವಲುಗಾರ ಮಾಮ ಎತ್ತಿದರು. "ವಿದ್ಯುತ್ತು ಜನರ ಸೊತ್ತು, ಹೋಗುವಾಗ ಎಲ್ಲ ಆರಿಸಿ ಅಂತ ಗೋಡೆಗೆ ಅಂಟಿಸಿದೋನು ನೀನೇ ತಾನೆ? ಆ ಮಿಣುಕೋ ಡಬ್ಬೀನೂ ಬಿಟ್ಟಿಲ್ಲ, ಆರಿಸಿದೀನಿ!"

ಮಿಣುಕೋ ಡಬ್ಬಿಯೆಂದರೆ ಕಚೇರಿಗೆ ಇಂಟರ್‌ನೆಟ್ ಕೊಡುವ ರೂಟರು; ನನ್ನ ಘೋಷಣೆಯೇ ನನ್ನನ್ನು ಹೊರಗಿಟ್ಟಿತ್ತು. ಎಲ್ಲ ಸ್ವಿಚ್ಚನ್ನೂ ಮತ್ತೆ ಹಾಕಿಸಿದೆ. ಅಲ್ಲಿನ ಪರದೆ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆಯಿತು, ಕರಪತ್ರ ಮುದ್ರಣಾಲಯ ಸೇರಿತು.

ಆಮೇಲೆ ಸುಮ್ಮನೆ ಆ ಪರದೆಯ ಮೇಲೆ "ಮಾಮಾ, ಊಟ ಆಯ್ತಾ?" ಎಂದು ಬರೆದೆ. ಫೋನಿನಲ್ಲಿ ಅವರು ಅಕ್ಷರ ಅಕ್ಷರವಾಗಿ ಓದಿದರು. "ಕುರ್ಚಿ ಖಾಲಿ ಇದೆಯಲ್ಲೋ!"

ಕೈ ಇಲ್ಲಿ, ಅಕ್ಷರ ಊರಾಚೆ. ಮನುಷ್ಯನಿಗೆ ದೂರವೆಂಬುದಿಲ್ಲ ಎಂದು ಕರಪತ್ರಗಳಲ್ಲಿ ಓದಿದ್ದೆ, ಕೂಗಿಯೂ ಇದ್ದೆ. ಕಂಡದ್ದು ಇವತ್ತೇ. ಮೈ ಇನ್ನೂ ಜುಮ್ಮೆನ್ನುತ್ತಿದೆ.

ಅವರು ಕೂತು, ಕೀಲಿ ಹುಡುಕಿ ಹುಡುಕಿ ಒತ್ತಿದರು. ನನ್ನೆದುರು ಮೆಲ್ಲಗೆ ಮೂಡಿತು: "ಆಯ್ತು. ನಿಂದು?"

ನಾನಿನ್ನೂ ಉಂಡಿಲ್ಲವೆಂದು ಆಗ ನೆನಪಾಯಿತು.